ಮಾವನ ಸ್ವಾಗತವೂ ಕುದುರೆಯ ಲದ್ದಿಯೂ

ನನ್ನ ಸೋದರಮಾವ ಯಾರನ್ನಾದರೂ ಪ್ರೀತಿಯಿಂದ ಸ್ವಾಗತಿಸಿದರೆ, ಸ್ವಾಗತಿಸಿಕೊಂಡವರಿಗೆ ಒಂದು ವಾರ ನಿದ್ದೆ ಬರುವುದಿಲ್ಲ. ಉತ್ಪ್ರೇಕ್ಷೆ ಅಂದುಕೊಂಡಿರಾ? ತೂಬಗೆರೆ ಕಡೆಯ ಅವರ ತೋಟಕ್ಕೆ ಕುದುರೆ ಸವಾರಿ ಕಲಿಯಲು ಒಮ್ಮೆ ಹೋಗಿ ನೋಡಿ. ನಾನು ಹೋದವಳು, ಅನುಭವಿಸಿ ಹೇಳುತ್ತಿದ್ದೇನೆ! ಈ ಮಹಾನುಭಾವರಿಗೇ ನನ್ನನ್ನು ಕೊಟ್ಟು ಮದುವೆ ಮಾಡಬೇಕೆಂದು ನಮ್ಮಜ್ಜಿಗೆ ಒಂದು ಕಾಲದಲ್ಲಿ ಆಸೆಯಿತ್ತಂತೆ. ದೇವರು ದೊಡ್ಡವನು.

ವಿಮಾನ ನಿಲ್ದಾಣ ಬಂದ ಹೊಸತರಲ್ಲಿ ನಮ್ಮ ಕಡೆ ಜಮೀನಿಗೆ ಬಂಗಾರದ ಬೆಲೆ ಬಂತು. ಒಂದು ತುಂಡು ಮಾರಿದವರೆಲ್ಲ ಕಾರು ಕೊಂಡು ಟ್ಯಾಕ್ಸಿಗೆ ಬಿಟ್ಟರು. ಮಾವನೂ ಒಂದು ತುಂಡು ಮಾರಿದರು, ಕುದುರೆ ಕೊಂಡರು! ಮನೆ ಮುಂದೆ ಲಾರಿಯಿಂದ ಕಂದು ಬಣ್ಣದ ಹೆಣ್ಣು ಕುದುರೆ ಇಳಿದಾಗ ಅತ್ತೆ ಬಾಗಿಲಲ್ಲೇ ಕಲ್ಲಾಗಿ ನಿಂತರಂತೆ. ಆಮೇಲೆ ಕೇಳಿದ್ದು ಒಂದೇ ಮಾತು.

"ಇದಕ್ಕೂ ಹಳದಿ ಬೋರ್ಡ್ ಹಾಕ್ಸಿ ಏರ್‌ಪೋರ್ಟ್‌ಗೆ ಬಿಡ್ತೀರಾ?"

ಮಾವನಿಗೆ ಹಿಡಿದದ್ದು ದೂರದ ಸವಾರಿಯ ಹುಚ್ಚು. ಕೆರೆ ಏರಿ, ಗುಂಡುತೋಪು, ರಾಗಿ ಹೊಲದ ದಾರಿ ಎಂದು ಬೆಳಗಿನಿಂದ ಮಧ್ಯಾಹ್ನದವರೆಗೆ ಕುದುರೆಯ ಮೇಲೆ ಹೋಗುತ್ತಲೇ ಇರಬೇಕು. ನಡುನಡುವೆ ಪಶುವೈದ್ಯರು ಕುದುರೆಯನ್ನು ನಿಲ್ಲಿಸಿ ಎದೆಬಡಿತ ನೋಡುತ್ತಾರೆ, ಕತ್ತಿನ ಚರ್ಮ ಚಿವುಟಿ ಮೈಯಲ್ಲಿ ನೀರಿದೆಯೇ ನೋಡುತ್ತಾರೆ, ಕುಂಟುತ್ತದೆಯೇ ಎಂದು ಸ್ವಲ್ಪ ದೂರ ಓಡಿಸಿ ನೋಡುತ್ತಾರೆ. ದಣಿದಿದ್ದರೆ ಸವಾರಿ ಅಲ್ಲಿಗೇ ಮುಗಿಯಿತು. ಇದರ ಜೊತೆಗೆ, ಆಮೇಲೆ ಇನ್ನಷ್ಟು ಕುದುರೆ ಸೇರಿಸಿ ಮಾವ ಕಟ್ಟಿದ ಸವಾರರ ತಂಡಕ್ಕೆ ತನ್ನದೇ ಆದ ಒಂದು ಕಟ್ಟಳೆ: ಕೊನೆಗೆ ಬಂದವರು ಎಲ್ಲರ ಕುದುರೆಗಳ ಲದ್ದಿ ಎತ್ತಬೇಕು.

ನನ್ನ ಕಣ್ಣೆದುರಿನ ಮೊದಲ ಬಲಿ ಏರ್‌ಪೋರ್ಟಿನಲ್ಲಿ ಕೆಲಸ ಮಾಡುವ ಒಬ್ಬ ಎಂಜಿನಿಯರ್. ಹೊಸ ಬೂಟು, ಹೊಸ ಹೆಲ್ಮೆಟ್ಟು. ಪಾಪ, ನಮಸ್ಕಾರ ಮಾಡಲು ಕೈ ಜೋಡಿಸಿದರೆ ಮಾವ ಬಗ್ಗಿ ಅವರ ಎದೆಗೆ ಕಿವಿ ಇಟ್ಟುಬಿಡುವುದೇ! ಮುಂದಿನ ಕ್ಷಣ ಅವರ ಕತ್ತಿನ ಚರ್ಮ ಚಿವುಟಿದರು.

"ನೀರು ಸಾಲ್ದು. ಎಲ್ಲಿ, ಆ ಬೇವಿನ ಮರದ್ ತಂಕ ಓಡಿ ತೋರ್ಸಪ್ಪಾ!"

"ನಾನಾ? ಕುದುರೇನಾ?"

"ನೀನೇ ಕಣಪ್ಪಾ. ಹೊರೋದು ಮಾತ್ರ ಪರೀಕ್ಷೆ ಕೊಡ್ಬೇಕು, ಕೂತ್ಕೊಳ್ಳೋನು ಕೊಡಂಗಿಲ್ವಾ? ಯಾವ ಸೀಮೆ ನ್ಯಾಯ?"

ಎಂಜಿನಿಯರ್ ಓಡಿದರು. ಓಡಿ ಹಾಗೇ ಗೇಟು ದಾಟುತ್ತಾರೆಂದು ನಾನು ಕಾದೆ. ವಾಪಸ್ಸು ಬಂದರು! ಮಾವ ಒಂದು ಚೊಂಬು ಮಜ್ಜಿಗೆ ಕುಡಿಸಿ, "ಪಾಸು" ಎಂದರು.

ಇನ್ನೊಬ್ಬಾಕೆ ದೇವನಹಳ್ಳಿ ಹೋಟೆಲೊಂದರ ಸ್ವಾಗತಕಾರಿಣಿ. ಜನರನ್ನು ಸ್ವಾಗತಿಸಿ ಸಂಬಳ ತೆಗೆದುಕೊಳ್ಳುವ ಆಕೆಗೇ ಸ್ವಾಗತ! ಮಾವ ಆಕೆಯನ್ನು ಕುದುರೆಯ ಮುಂದೆ ನಿಲ್ಲಿಸಿ, "ಊರು ಯಾವ್ದು, ಅಪ್ಪ ಏನ್ ಮಾಡ್ತಾನೆ, ಎಲ್ಲಾ ಅದರ ಕಿವೀಲಿ ಹೇಳಮ್ಮಾ. ಗುರುತಿಲ್ದೋರನ್ನ ಅದ್ಯಾಕೆ ಹೊರ್ಬೇಕು?" ಎಂದರು. ಆಕೆ ಹೇಳುತ್ತಾ ಹೇಳುತ್ತಾ, ಮನೆಯಲ್ಲಿ ಯಾರಿಗೂ ಹೇಳದ ಅದೇನನ್ನೋ ಹೇಳಿ ಅತ್ತುಬಿಟ್ಟಳು. ನಾನು ಗಾಬರಿಯಿಂದ ನೀರು ತರಲು ಓಡಿದೆ. ಕುದುರೆ ಮಾತ್ರ ಕಿವಿ ನಿಮಿರಿಸಿ ಪೂರ್ತಿ ಕೇಳಿಸಿಕೊಂಡಿತು.

ಕೊನೆಗೆ ನನ್ನ ಸರದಿಯೂ ಬಂತು. ಮಂಡಿ ನೋವು, ಜಾಸ್ತಿ ನಡೆಯಬೇಡಿ ಎಂದಿದ್ದಾರೆ ಡಾಕ್ಟರು ಎಂದು ನಾನು ಬಾಯಿ ತಪ್ಪಿ ಹೇಳಿದ್ದೇ ತಡ, "ಹಂಗಾದ್ರೆ ಕುದುರೆ ನಡೀಲಿ, ನೀನು ಕೂತ್ಕೋ!" ಎಂದರು. ಕಚೇರಿಯಲ್ಲಿ ಗುಮಾಸ್ತೆಯಾಗಿ ಕುರ್ಚಿ ಸವೆಸಿದವಳಿಗೆ ಕೂರುವುದು ಹೊಸದೇನಲ್ಲ, ಆದರೆ ಕುರ್ಚಿ ಬೆವರುವುದು ಹೊಸದು. ಮಾವ ನಾಡಿ ಹಿಡಿದು ನೋಡಿ, "ಕುದ್ರೆ ಗಟ್ಟಿ ಐತೆ, ಹತ್ತು" ಎಂದರು. ಕುದುರೆ ಎಂದದ್ದು ನನಗೆ!

ಎಲ್ಲರೂ ಮುಂದೆ ಹೋದರು. ಹಿಂದೆ ಉಳಿದದ್ದು ನಾನು, ನನ್ನ ಹಿಂದೆ ಮಾವ. ಮುಗಿಯುವ ಜಾಗಕ್ಕೆ ಇನ್ನೇನು ಸ್ವಲ್ಪ ದೂರ ಇರುವಾಗ ಹುಣಸೆ ಮರದ ಕೆಳಗೆ ಮಾವ ನಿಂತು, ಕುದುರೆಯ ಹೊಟ್ಟೆಗೆ ಬಿಗಿದ ಪಟ್ಟಿಗೆ ಕೈ ಹಾಕಿದರು. "ಜೀನಿನ ಪಟ್ಟಿ ಸಡ್ಲ ಆಗೈತೆ. ನೀನು ನಡಿ ಮಗಾ." ನಾನು ಕೊನೆಯವಳಾಗಲಿಲ್ಲ. ಮಾವ ಪಂಚೆ ಎತ್ತಿಕಟ್ಟಿ ಲದ್ದಿ ಎತ್ತಿದರು.

ಮುಂದಿನ ಸಲ ಇನ್ನೊಬ್ಬ ಹೊಸಬ ಬಂದ. ಅದೇ ಹುಣಸೆ ಮರ, ಅದೇ ಸಡಿಲ ಪಟ್ಟಿ. ಅದರ ಮುಂದಿನ ಸಲವೂ! ಅಲ್ಲ ಸ್ವಾಮಿ, ಆ ಮರದ ಕೆಳಗೇ ಬಂದು ಸಡಿಲವಾಗುವ ಪಟ್ಟಿ ಅದೆಂಥದ್ದು? ಮಾವನನ್ನು ಕೇಳಿದರೆ "ತೋಟಕ್ಕೆ ಗೊಬ್ಬರ ಬೇಕು ಕಣೇ" ಎಂದು ನಕ್ಕರು. ಅತ್ತೆ ಒಲೆಯ ಮುಂದಿನಿಂದಲೇ, "ಬಂದ ದಿನಾನೇ ಲದ್ದಿ ಎತ್ತಿದ್ರೆ, ಹೊಸಬ್ರು ಇನ್ನೊಂದ್ ದಿನ ಈ ಕಡೆ ತಲೆ ಹಾಕ್ತಾರೇನೇ?" ಎಂದರು. ನಮ್ಮ ಸೀಮೆಗೇ ಒಳ್ಳೆಯ ಸವಾರ, ಬೇಕೆಂದೇ ಪ್ರತಿ ಸಲ ಕೊನೆಗೆ ಬರುತ್ತಿದ್ದರು!

ಇಂಥ ಮಾವ ಬಿದ್ದದ್ದು ಕುದುರೆಯಿಂದಲ್ಲ, ಬಚ್ಚಲಲ್ಲಿ ಜಾರಿ. ಸೊಂಟಕ್ಕೆ ರಾಡು ಹಾಕಿದರು. ಮಳೆಗಾಲ ಕಳೆದು ರಾಗಿ ಕೊಯ್ಲು ಮುಗಿದ ಮೇಲೆ, ಡಾಕ್ಟರು ಹೂಂ ಎಂದ ದಿನ, ಚಿಕ್ಕ ಸವಾರಿಗೆ ಬಂದರು. ಹತ್ತುವಾಗ ನನ್ನ ಹೆಗಲು ಹಿಡಿದುಕೊಂಡರು. ಮಾವ! ನನಗೆ ನಂಬಲಾಗಲಿಲ್ಲ.

"ಇವತ್ತು ಕೈಲಾಗ್ದೆ ಕೊನೇಗೆ ಬಂದ್ನೋ, ಕುದ್ರೆ ಯಾರಿಗಾದ್ರೂ ಕೊಟ್ಬಿಡ್ತೀನಿ ಮಗಾ" ಎಂದರು. ನಗುತ್ತಾ ಹೇಳಲಿಲ್ಲ.

ಎಲ್ಲರೂ ಮುಂದೆ ಹೋದರು. ಮಾವ ಹಲ್ಲು ಕಚ್ಚಿ ನಿಧಾನವಾಗಿ ಬಂದರು, ನಾನು ಪಕ್ಕದಲ್ಲೇ. ಹುಣಸೆ ಮರ ಬಂತು. ನಾನು ನಿಂತೆ.

"ಏನಾಯ್ತೇ?"

"ಜೀನಿನ ಪಟ್ಟಿ ಸಡ್ಲ ಆಗೈತೆ ಮಾವ. ನೀವು ನಡೀರಿ."

ಮಾವ ಬಗ್ಗಿ ನನ್ನ ಪಟ್ಟಿ ನೋಡಿದರು. ಅದು ಬಿಗಿಯಾಗಿಯೇ ಇತ್ತು. ಕುದುರೆಯನ್ನು ಮುಂದೆ ಬಿಟ್ಟರು.

ಆಮೇಲೆ ನಾನು ಸೀರೆ ಉಟ್ಟ ಅಭ್ಯಾಸದಿಂದ ಇಲ್ಲದ ಸೆರಗು ಸಿಕ್ಕಿಸಲು ಹೋಗಿ, ಪ್ಯಾಂಟು ಮಡಚಿ ಲದ್ದಿ ಎತ್ತುತ್ತಿದ್ದೆ. ಹಿಂದಿನಿಂದ ಯಾರೋ ಮಣಿಕಟ್ಟು ಹಿಡಿದರು. ಮಾವ, ನಾಡಿ ನೋಡುತ್ತಿದ್ದರು.

"ಕುದ್ರೆ ಗಟ್ಟಿ ಐತೆ" ಎಂದರು. ಕಣ್ಣು ತುಂಬಿತ್ತು. ನೋಡುವುದು ಮುಗಿದ ಮೇಲೂ ಕೈ ಬಿಡಲಿಲ್ಲ.