ಎರಡು ಮಾಲೆಗೆ ಒಂದು ಚೀಟಿ

ಸರ್ವರ್ ಕೋಣೆಯಲ್ಲಿ ದೇವರಿದ್ದಾನೋ ಇಲ್ಲವೋ ಎಂದು ಯಾರಾದರೂ ಕೇಳಿದರೆ ನಾನು ವಾದಕ್ಕೆ ಹೋಗುವುದಿಲ್ಲ. ಒಂದು ದಿನ ನನ್ನ ಕುರ್ಚಿಯಲ್ಲಿ ಕೂತು ನೋಡಿರಿ ಎನ್ನುತ್ತೇನೆ. ರಾಯಬಾಗ ಕಡೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವನು ನಾನು. ಕೊರಳಲ್ಲಿ ತುಳಸಿ ಮಾಲೆ, ಬೆರಳ ಕೆಳಗೆ ಕೀಬೋರ್ಡು. ಇವೆರಡರ ನಡುವೆ ನಗುವಂಥದ್ದೇನಾದರೂ ನಡೆಯದ ಹಂಗಾಮೇ ಇಲ್ಲ. ಹೋದ ಹಂಗಾಮಿನಲ್ಲಂತೂ ವಿಠ್ಠಲ ನನ್ನನ್ನು ಚೆನ್ನಾಗಿ ಆಡಿಸಿದ.

೧. ಮಾಲೆಯ ಗಡಿಯಾರ

ಕಬ್ಬಿನ ಗಾಡಿ ಕಾಟಾ ಏರಿ ತೂಕಕ್ಕೆ ನಿಂತ ಕೂಡಲೇ ಗುಮಾಸ್ತರು ಗಾಡಿಯ ನಂಬರ್ ಒತ್ತುತ್ತಾರೆ. ಯಾರ ಕಬ್ಬು, ಯಾವ ಊರು, ಯಾವ ಹೊಲ ಎಂದು ಡೇಟಾಬೇಸು ಹಳೆಯ ದಾಖಲೆಗಳನ್ನೆಲ್ಲ ಹುಡುಕಿ ಹೇಳಬೇಕು. ಆಮೇಲೆ ಚೀಟಿ. ಆ ಸಲ ದಾಖಲೆಗಳ ರಾಶಿ ಬೆಳೆದು ಹುಡುಕಾಟ ಎಷ್ಟು ನಿಧಾನವಾಯಿತೆಂದರೆ, ಒಂದು ಚೀಟಿ ಬರುವಷ್ಟರಲ್ಲಿ ನನ್ನ ನೂರೆಂಟು ಮಣಿಯ ಜಪ ಎರಡು ಸುತ್ತು ಮುಗಿಯುತ್ತಿತ್ತು. ಹೊರಗೆ ಟ್ರ್ಯಾಕ್ಟರ್‌ಗಳ ಸಾಲು ಬೆಳೆಯಿತು. ಬಿಸಿಲಿಗೆ ಕಬ್ಬು ಒಣಗತೊಡಗಿತು; ಒಣಗಿದಷ್ಟೂ ರೈತನ ತೂಕ ಹೋಯಿತು.

ಆ ಸಾಲಿನಲ್ಲಿ ಅಲಖನೂರಿನ ಒಬ್ಬ ಕಾಕಾ ಇದ್ದರು. ನನ್ನಂತೆಯೇ ಪಂಢರಪುರಕ್ಕೆ ನಡೆದು ಹೋಗುವ ವಾರಕರಿ. ಕಾರ್ತಿಕ ಏಕಾದಶಿಯೊಳಗೆ ಲಕ್ಷ ಜಪ ಮುಗಿಸುವ ಹರಕೆ ಹೊತ್ತಿದ್ದರು. ಎಲ್ಲರೂ ನನ್ನನ್ನು ಬೈಯುವಾಗ ಅವರೊಬ್ಬರು ಟ್ರಾಲಿಯ ನೆರಳಿಗೆ ಕೂತು ಮಣಿ ಎಣಿಸುತ್ತಿದ್ದರು.

ಮ್ಯಾನೇಜರ್ ಸಾಹೇಬರು ನನ್ನ ಕೋಣೆಗೇ ಬಂದರು. "ಏನ್ರಿ ಮಹಾರಾಜ, ಶನಿವಾರತನಕ ನೋಡತೇನಿ. ಚೀಟಿ ಲಗೂನ ಬರಲಿಲ್ಲಂದ್ರ ಸೋಮವಾರದಿಂದ ಕೈಲೇ ಬರದು ಕೊಡೂದು. ನಿಮ್ಮ ಈ ಪೆಟಗಿ ಗುಜರಿಗೆ."

"ಒಂದು ಮಾಲಿಗೆ ಇಳಸ್ತೇನ್ರಿ ಸಾಹೇಬ್ರ."

"ಮಿನಿಟಿನ ಲೆಕ್ಕಾ ಹೇಳ್ರಿ. ನಮ್ಮ ಚೇರ್ಮನ್ನರಿಗೆ ಮಾಲಿ ಅಂದ್ರ ಕೊರಳಿಗೆ ಹಾಕಿಸಿಕೊಳ್ಳೂದಷ್ಟ ಗೊತ್ತು."

೨. ಅಟ್ಟದ ಮೇಲಿನ ಜೀರಿಗೆ

ಸಂಜೆ ಚಿಕ್ಕೋಡಿಯ ಮನೆಯಲ್ಲಿ, ಅಡುಗೆಮನೆಯ ಹೊಸ್ತಿಲ ಬಳಿ ಸಪ್ಪಗೆ ಕೂತಿದ್ದೆ. ಹೆಂಡತಿ ಕೇಳಿದಳೆಂದು ಹೇಳಿದೆ: "ಸರ್ವರಿನ್ಯಾಗ ಮೂವತ್ತೆರಡು ಜಿಬಿ ಮೆಮರಿ ಐತಿ. ಡೇಟಾಬೇಸಿಗೆ ಸಿಕ್ಕಿದ್ದು ಅದರಾಗ ಚಿಟಿಕಿಯಷ್ಟು. ಹಿಂಗಾಗಿ ಸಣ್ಣ ಸಣ್ಣದಕ್ಕೂ ಡಿಸ್ಕಿಗೆ ಓಡಾಕತ್ತೈತಿ."

"ಅಂದ್ರ ಒಲಿ ಮಗ್ಗಲಕ ಇಷ್ಟುದ್ದ ಕಟ್ಟಿ ಖಾಲಿ ಬಿಟ್ಟು, ಜೀರಗಿಗೊಮ್ಮೆ ಸಾಸಿವಿಗೊಮ್ಮೆ ಅಟ್ಟ ಹತ್ತಿ ಇಳದಂಗ?"

"ಅಗದೀ ಬರೋಬ್ಬರಿ!" ಎಂದೆ. ನಾನು ಎರಡು ವಾರ ತಲೆ ಕೆಡಿಸಿಕೊಂಡು ತಿಳಿದದ್ದನ್ನು ಅವಳು ಒಗ್ಗರಣೆ ಸಿಡಿಯುವಷ್ಟರಲ್ಲಿ ತಿಳಿದಿದ್ದಳು.

"ಹಂಗ ಯಾರ ಇಟ್ಟಾರ?"

"ಮೊದಲಿಂದ ಹಂಗ ಬಂದೈತಿ. ನಾನೂ ನಾಲ್ಕು ವರ್ಷ ತಗದ ನೋಡಿರಲಿಲ್ಲ."

ಅವಳು ಸೌಟಿನಿಂದ ಅಟ್ಟ ತೋರಿಸಿದಳು. "ಆ ಜೀರಗಿ ಡಬ್ಬಿ ಅಲ್ಲಿಟ್ಟವ್ರೂ ನೀವ. ಅದಕ್ಕೂ ನಾಲ್ಕು ವರ್ಷ ಆತು. ಮೊದಲ ಅದನ್ನ ಇಳಸ್ರಿ."

೩. ಪೇಢೆಯ ವೇಗ

ಮರುದಿನ ಗುರುವಾರ. ಸ್ನಾನ, ಪೂಜೆ ಮುಗಿಸಿ ಬಂದು ಸರ್ವರ್‌ನ ಸೆಟ್ಟಿಂಗ್ ಫೈಲು ತೆರೆದೆ. ಡೇಟಾಬೇಸಿಗೆ ಮೆಮರಿ ಎಷ್ಟು ಕೊಡಬೇಕು? ದೇವರ ಎಡೆಗೆ ಕೈ ಹಿಡಿದು ಬಡಿಸಬಾರದು ಎಂದು ನಮ್ಮ ಅಜ್ಜಿ ಹೇಳುತ್ತಿದ್ದಳು. ಮೂವತ್ತೆರಡನ್ನೂ ಬರೆದುಬಿಟ್ಟೆ. ಸರ್ವರ್‌ಗೆ ಕುಂಕುಮ ಇಟ್ಟು, ಇನ್ನು ಚೀಟಿ ಬೇಗ ಬರುತ್ತವೆಂದು ಸಾಲಿಗೆಲ್ಲ ಪೇಢೆ ಹಂಚಿದೆ.

ಕಾಟಾದ ಗುಮಾಸ್ತರು ನಿಪ್ಪಾಣಿಯವರು. ಅವರ ಮಾತು ಕನ್ನಡದಲ್ಲಿ ಹೊರಟು ಮರಾಠಿಯಲ್ಲಿ ಮುಟ್ಟುತ್ತದೆ. ಪೇಢೆ ಬಾಯಿಗೆ ಹಾಕಿಕೊಂಡು, "ಸರ್, ಏಕದಮ್ ಭಾರೀ! ಹಿಂಗ ಒತ್ತೂದು, ಹಂಗ ಚೀಟಿ. ಕಾಯ್ ಸ್ಪೀಡ್ ಆಹೇ!" ಎಂದರು. ಸಾಹೇಬರೂ "ಫರಕ ಕಾಣಾಕತ್ತೈತಿ" ಎಂದರು. ಟ್ರ್ಯಾಕ್ಟರಿನವರೂ ತಲೆ ಆಡಿಸಿದರು. ನನಗೆ ಕಣ್ಣು ತುಂಬಿ ಬಂತು.

ಶುಕ್ರವಾರ ಕಾಕಾ ನನ್ನನ್ನು ಬದಿಗೆ ಕರೆದರು. "ಮಾವುಲಿ," ಎಂದರು, ವಾರಕರಿಗಳು ಒಬ್ಬರನ್ನೊಬ್ಬರು ಕರೆಯುವುದೇ ಹಾಗೆ. "ಪೇಢೆ ಚೊಲೋ ಇತ್ತು. ಆದ್ರ ಮೊನ್ನಿನೂ ಎರಡು ಮಾಲಿ, ಇವತ್ತೂ ಎರಡು ಮಾಲಿ."

ಮನುಷ್ಯರು ಮುಲಾಜಿಗೆ ಸುಳ್ಳು ಹೇಳಬಹುದು, ತುಳಸಿ ಮಣಿ ಹೇಳುವುದಿಲ್ಲ. ಓಡಿಹೋಗಿ ನೋಡಿದರೆ, ನಾನು ಬರೆದದ್ದು ಫೈಲಿನಲ್ಲೇ ಕೂತಿತ್ತು. ಡೇಟಾಬೇಸನ್ನು ಒಮ್ಮೆ ನಿಲ್ಲಿಸಿ ಮತ್ತೆ ಎಬ್ಬಿಸಿದರಷ್ಟೇ ಅದು ಹೊಸ ಮಾತು ಕೇಳುವುದು. ನಾನು ನಿಲ್ಲಿಸಿಯೇ ಇರಲಿಲ್ಲ.

"ಮತ್ತ ಸ್ಪೀಡ್ ಆಗೇತಿ ಅಂದ್ರಲ್ರಿ?" ಎಂದು ಗುಮಾಸ್ತರನ್ನು ಕೇಳಿದೆ.

"ಪ್ರಸಾದ ಬಾಯಾಗ ಇಟ್ಟಕೊಂಡು ಇಲ್ಲ ಅಂತ ಹ್ಯಾಂಗ ಅನ್ನೂದ್ರಿ ಸರ್? ಪಾಪ ಹತ್ತತೈತಿ."

೪. ಆರದ ದೀಪ

ನಿಲ್ಲಿಸುವುದು ತಲೆಗೇ ಬಾರದಿದ್ದುದಕ್ಕೆ ಕಾರಣವಿತ್ತು. ನಾಲ್ಕು ವರ್ಷದ ಹಿಂದೆ ದಸರೆಯ ಖಂಡೇ ಪೂಜೆಯ ದಿನ ಆ ಸರ್ವರನ್ನು ಚಾಲೂ ಮಾಡುವಾಗ, ಗುಡಿಯ ನಂದಾದೀಪದಂತೆ ಇದನ್ನು ಆರಗೊಡುವುದಿಲ್ಲ ಎಂದು ಸಂಕಲ್ಪ ಮಾಡಿದ್ದೆ. ಮೇಲೆ ಕಾಗದವನ್ನೂ ಅಂಟಿಸಿದ್ದೆ: 'ಅಖಂಡ. ಬಂದ್ ಮಾಡಬಾರದು.' ಈಗ ನನ್ನ ಕೈಯಾರೆ ಹೇಗೆ ಆರಿಸಲಿ? ಕಾಕಾರ ಮುಂದೆಯೇ ಹೋಗಿ ಹೇಳಿಕೊಂಡೆ.

ಕಾಕಾ ನಕ್ಕರು. "ನಾಮ ಸಪ್ತಾಹದಾಗ ವೀಣಾ ಏಳು ದಿನ ನೆಲಕ್ಕಿಡಂಗಿಲ್ಲ, ಖರೆ. ಹಂಗಂತ ಒಬ್ಬಾವನ ಏಳು ದಿನ ಹಿಡಕೊಂಡು ನಿಂದರತಾನೇನು? ಕೈ ಬದಲಿ ಮಾಡತೇವಿ. ಭಜನಿ ನಿಂತಂಗ ಆತೇನು? ನಿಮ್ಮ ಪೆಟಗಿ ದಮ್ಮ ತಗೊಳ್ಳೂತನಕ ಗುಮಾಸ್ತರು ಕೈಲೇ ಚೀಟಿ ಬರೀಲಿ. ನಿಮ್ಮ ನೇಮಾ ನಿಮಗ ಚಂದ ಮಾವುಲಿ, ನನ್ನ ಕಬ್ಬು ಒಣಗಿ ಕಸಬರಗಿ ಆಗಾಕತ್ತೈತಿ!"

ಶನಿವಾರ ಬೆಳಿಗ್ಗೆ ಗುಮಾಸ್ತರ ಕೈಗೆ ಪೆನ್ನು ಕೊಟ್ಟು, 'ರಾಮಕೃಷ್ಣ ಹರಿ' ಎಂದು ಡೇಟಾಬೇಸನ್ನು ನಿಲ್ಲಿಸಿದೆ. ಎಬ್ಬಿಸಿದೆ. ಏಳಲಿಲ್ಲ. ಇನ್ನೊಮ್ಮೆ ಎಬ್ಬಿಸಿದೆ. ಮೆಮರಿ ಸಾಲದು ಎಂದು ಪರದೆಯ ಮೇಲೆ ಬಂತು. ಹೊರಗೆ ಹಾರ್ನು, ಒಳಗೆ ನನ್ನ ಎದೆ. ಸಾಹೇಬರು ಕಿಟಕಿಯಿಂದ ಗಡಿಯಾರ ತೋರಿಸಿದರು.

ಗುಮಾಸ್ತರು ಪೆನ್ನು ಹಿಡಿದೇ ಒಳಗೆ ಬಂದು ಬಗ್ಗಿ ನೋಡಿದರು. "ಎಷ್ಟ ಕೊಟ್ಟೀರಿ ಸರ್?"

"ಇದ್ದದ್ದೆಲ್ಲ."

"ಅರೇ ದೇವಾ! ಮಾಡಿದ ಅನ್ನ ಎಲ್ಲಾ ಎಡಿಗೇ ಹಾಕಿದ್ರ ಪೂಜಾರಿ ಏನ ತಿನಬೇಕ್ರಿ? ಪೂಜಾರಿನ ಉಪವಾಸ ಬಿದ್ದ ಅಂದ್ರ ದೇವರನ್ನ ಎಬ್ಬಸವ್ರು ಯಾರು?"

ಕಂಪ್ಯೂಟರ್ ಕಲಿಯದ ಅವರ ಬಾಯಿಂದ ಬಂದದ್ದು ಪಕ್ಕಾ ಶಾಸ್ತ್ರ. ಡೇಟಾಬೇಸನ್ನು ಎಬ್ಬಿಸುವ ಯಂತ್ರಕ್ಕೆ ತಾನು ಉಸಿರಾಡಲಿಕ್ಕೂ ಮೆಮರಿ ಬೇಕಲ್ಲ! ಮೂವತ್ತೆರಡನ್ನು ಅಳಿಸಿ ಎಂಟು ಬರೆದೆ. ಡೇಟಾಬೇಸು ಎದ್ದಿತು. ಅಂದಿನಿಂದ ಗುಮಾಸ್ತರು ತಮ್ಮ ಹೆಸರಿಗೊಂದು ಪೇಢೆ ಬಾಕಿ ಇದೆ ಎನ್ನುತ್ತಾರೆ. ಈ ಸಲ ಖರೇ ಹೇಳುತ್ತಾರಂತೆ.

೫. ಒಂದು ಮಣಿಯೂ ಸರಿಯಲಿಲ್ಲ

ಮೊದಲು ಕಾಟಾ ಏರಿದ್ದು ಕಾಕಾರ ಕೊನೆಯ ಟ್ರಾಲಿ. ಗುಮಾಸ್ತರು ನಂಬರ್ ಒತ್ತಿದರು. ನಾನು ಅವರ ಪಕ್ಕ ನಿಂತು ಮೊದಲ ಮಣಿ ಹಿಡಿದು 'ರಾಮಕೃಷ್ಣ' ಎಂದೆ. 'ಹರಿ' ಅನ್ನುವಷ್ಟರಲ್ಲಿ ಚೀಟಿ ಹೊರಗೆ ಬಿದ್ದಿತ್ತು. ಗುಮಾಸ್ತರು ಹೆದರಿ ಅದನ್ನು ತಿರುಗಿಸಿ ಮುರುಗಿಸಿ ನೋಡಿದರು. ಊಟದ ಹೊತ್ತಿಗೆ ಅಂಗಳದ ಸಾಲು ಕರಗಿತು. ಸಾಹೇಬರು ಬಂದು ಸರ್ವರ್‌ಗೆ ತಾವೇ ಒಂದು ಹೂವು ಏರಿಸಿ ಹೋದರು.

ಸ್ವಲ್ಪ ಹೊತ್ತಿಗೆ ಕಾಕಾ ನನ್ನ ಬಾಗಿಲಲ್ಲಿ ನಿಂತಿದ್ದರು. ಆಶೀರ್ವಾದ ಮಾಡಲು ಬಂದಿದ್ದಾರೆಂದು ಎದ್ದು ಕಾಲು ಮುಟ್ಟಿದೆ. ಅವರ ಮುಖ ಮಾತ್ರ ಹುಳ್ಳಗಿತ್ತು.

"ಯಾಕ ಕಾಕಾ, ತೂಕದಾಗ ಏನಾರ ಕಡಿಮಿ ಬಂತೇನ್ರಿ?"

"ತೂಕಾ ಬರೋಬ್ಬರಿ ಐತಿ ಮಾವುಲಿ. ಜಪಾ ಕಡಿಮಿ ಬಿತ್ತು. ಲಕ್ಷಕ್ಕ ಇನ್ನ ಆರು ಸಾವಿರ ಉಳದಾವ, ಏಕಾದಶಿ ನಾಲ್ಕು ದಿನಾ ಐತಿ. ಮನ್ಯಾಗ ಕುಂತ್ರ ಮೊಮ್ಮಕ್ಕಳು ಬಿಡಂಗಿಲ್ಲ, ಹೊಲದಾಗ ಕುಂತ್ರ ಮಗಾ ಬಿಡಂಗಿಲ್ಲ. ನಿಮ್ಮ ಸಾಲಿನಾಗ ಹೆಂಗ ಹರದು ಬರತಿತ್ತು!"

ವಿಠ್ಠಲನ ನಾಮಸ್ಮರಣೆಗೆ ನಾನೇ ಅಡ್ಡ ಬಂದೆನಲ್ಲ ಎಂದು ನನಗೆ ಖರೇನೇ ಕಸಿವಿಸಿಯಾಯಿತು. "ಈಗ ಏನ ಮಾಡೂಣ್ರಿ ಕಾಕಾ?"

ಕಾಕಾ ಆಚೀಚೆ ನೋಡಿ, ಬಾಗಿಲು ಮುಂದೆ ಮಾಡಿ, ದನಿ ತಗ್ಗಿಸಿದರು.

"ನನ್ನ ಕಬ್ಬಂತೂ ಇಳದೈತಿ. ನಾಳಿಂದ ಖಾಲಿ ಟ್ರಾಲಿ ತಗೊಂಡು ಬಂದು ಸಾಲಿನಾಗ ನಿಂದರತೇನಿ. ಏಕಾದಶಿತನಕ ಆ ಮೆಮರಿ ಸ್ವಲ್ಪ ವಾಪಸ್ ತಗೀರಲ್ಲ!"