ಅಡ್ಡಗೀಟಿನ ಬಟನ್ನೂ ನನ್ನ ಡೇರೆ ಗೆಡ್ಡೆಯೂ

ಇದರಲ್ಲಿ ಕೆಲವು ವಿವರ ತಪ್ಪಿರಬಹುದೆಂದು ಮೊದಲೇ ಹೇಳಿಬಿಡುತ್ತೇನೆ. ದಿನವೂ ಡೈರಿ ಬರೆಯುವವಳಾದರೂ ನನ್ನ ನೆನಪು ನನಗೆ ಅನುಕೂಲವಾದ ಕಡೆಗೇ ವಾಲುತ್ತದೆ. ಚಿಕ್ಕಮ್ಮ ಆ ಮಾತು ಕೊಟ್ಟದ್ದು ಜಗಲಿಯಲ್ಲೋ ಫೋನಿನಲ್ಲೋ ಖಾತ್ರಿಯಿಲ್ಲ. ಕೊಟ್ಟದ್ದಂತೂ ಹೌದು: ನೇರಳೆ ದಳಕ್ಕೆ ಬಿಳಿ ತುದಿಯಿರುವ ಡೇರೆ ಹೂವಿನ ಗೆಡ್ಡೆ. ಅದೇ ನನ್ನ ಸಂಬಳ.

ಇಲ್ಲೇ ಕೊಪ್ಪದ ಹತ್ತಿರದ ನಾರ್ವೆ ಎಂಬ ಹಳ್ಳಿಯ ನಮ್ಮ ಚಿಕ್ಕಮ್ಮ ಕೊಪ್ಪ, ಶೃಂಗೇರಿ, ಎನ್.ಆರ್. ಪುರದ ಹೂಗಿಡದ ಹುಚ್ಚಿನ ಹೆಂಗಸರನ್ನೆಲ್ಲ ಸೇರಿಸಿ ಗಿಡ ಹಂಚಿಕೊಳ್ಳುವ ಬಳಗ ಕಟ್ಟಿದ್ದಾರೆ. ಅದಕ್ಕೊಂದು ವೆಬ್‌ಸೈಟ್ ಮಾಡಿಕೊಟ್ಟವಳು ಕೊಪ್ಪದಲ್ಲಿರುವ ನಾನು. ಆದರೆ ಬರೆಯಲು ನಾನಿಟ್ಟದ್ದು ಬೋಳು ಪೆಟ್ಟಿಗೆ. ಒಂದು ಪದ ದಪ್ಪಗಾಗಬೇಕಾದರೂ ಅದರ ಆಚೀಚೆ ಕೋಡ್ ಹಾಕಬೇಕು. ಹಾಗಾಗಿ ಚಿಕ್ಕಮ್ಮ ಫೋನಿನಲ್ಲಿ ಹೇಳುವುದು, ನಾನು ಹಾಕುವುದು. "ದಾಸವಾಳ ದಪ್ಪ ಮಾಡು. ಅಯ್ಯೋ, ಅದು ಕೆಂಪು ದಾಸವಾಳ, ಕೆಂಪಗೆ ಮಾಡು. ಎಂತ ಮಾರಾಯ್ತಿ, ಇಷ್ಟು ಓದಿ ಒಂದು ಅಕ್ಷರಕ್ಕೆ ಬಣ್ಣ ಹಚ್ಚಕ್ಕೆ ಬರಲ್ವಾ?"

ಕೊನೆಗೆ ರಿಚ್ ಟೆಕ್ಸ್ಟ್ ಎಡಿಟರ್ ಕೂರಿಸಲು ಹೊರಟೆ. ಬರೆಯುವ ಜಾಗದ ಮೇಲೆ ದಪ್ಪ, ಓರೆ, ಬಣ್ಣ, ಅಡ್ಡಗೀಟು ಎಂದು ಸಾಲಾಗಿ ಬಟನ್‌ಗಳು; ಒತ್ತಿದರೆ ಕಣ್ಣೆದುರೇ ಹಾಗಾಗುತ್ತದೆ. ಪದವನ್ನು ಹೊಡೆದುಹಾಕುವ ಅಡ್ಡಗೀಟು ಮಾತ್ರ ಹಟ ಹಿಡಿಯಿತು. ಬರೆಯುವಾಗ ಕಾಣುವ ಗೀಟು ಸೇವ್ ಮಾಡಿದೊಡನೆ ಮಾಯ.

"ಮಳೆ ಹಿಡಿಯದ್ರೊಳಗೆ ಬಂದು ಗೆಡ್ಡೆ ತಗಂಡು ಹೋಗು" ಎಂದು ಚಿಕ್ಕಮ್ಮ ಎಚ್ಚರಿಸಿದ್ದರು. ಬಳಗದ ಕಾನೂನೇ ಅದು: ಹೊತ್ತಿಗೆ ಬಾರದವರ ಗೆಡ್ಡೆ ಬಂದವರ ಪಾಲು. "ಈ ಗೀಟೊಂದು ಸರಿಮಾಡಿ ಬರ್ತೇನೆ" ಎಂದೆ. ಬೇಡದ ಕೋಡನ್ನು ಸೋಸಲು ನಾನೇ ಇಟ್ಟಿದ್ದ ಜರಡಿ ಗೀಟನ್ನೂ ಸೋಸಿ ಎಸೆಯುತ್ತಿದೆ ಎಂದು ತಿಳಿಯುವಷ್ಟರಲ್ಲಿ ಹೊರಗೆ ಮಳೆ ಹಿಡಿದು ಕೂತಿತ್ತು.

ಎಡಿಟರ್ ಕೈಗೆ ಸಿಕ್ಕಿದ ಮೇಲೆ ಚಿಕ್ಕಮ್ಮನನ್ನು ನೋಡಬೇಕಿತ್ತು. ಹಳದಿ ಸೇವಂತಿಗೆ ಹಳದಿ ಅಕ್ಷರ, ಬಿಳಿಯದಕ್ಕೆ ಹಿಂದೆ ಹಸಿರು ಬಳಿದು ಬಿಳಿ ಅಕ್ಷರ. ಅದು ನನಗೂ ಹೊಳೆದಿರಲಿಲ್ಲ. ಕೊಟ್ಟಾದ ಗಿಡವನ್ನು ಅಳಿಸದೆ ಅಡ್ಡಗೀಟು ಎಳೆದು, ಪಕ್ಕದಲ್ಲಿ 'ಕಿಗ್ಗದ ಮೇಲಿನಮನೆ', 'ಅಡ್ಡಗದ್ದೆ ಟೀಚರ ಮನೆ' ಎಂದು ಬರೆದಿದ್ದರು.

"ಕೊಟ್ಟಾಯ್ತಲ್ಲ, ಅಳಿಸಿಬಿಡಿ" ಎಂದೆ.

"ಅಳಿಸದಾ? ನಮ್ಮನೇದು ಮಳೆಗೆ ಕೊಳೆತ್ರೆ ಯಾರ ಮನೇಲಿದೆ ಅಂತ ಗೊತ್ತಾಗದು ಹೆಂಗೆ? ಹೋಗಿ ಇಸ್ಕಂಡು ಬರದು ಬೇಡ್ವಾ?"

ಬ್ಯಾಕಪ್ ಎನ್ನುವುದನ್ನು ನಾನು ಕಾಲೇಜಿನಲ್ಲಿ ಓದಿ ಪಾಸೂ ಆಗಿದ್ದೇನೆ. ಇಷ್ಟು ಚೆಂದಕ್ಕೆ ಯಾರೂ ಹೇಳಿರಲಿಲ್ಲ. ಆ ಹೆಮ್ಮೆಯಲ್ಲೇ ಪುಟವನ್ನು ಕೆಳಗೆ ಸರಿಸುತ್ತಾ ಹೋದೆ. ನೇರಳೆ ಅಕ್ಷರದಲ್ಲಿ 'ಬಿಳಿ ತುದಿ ಡೇರೆ, ನಮ್ಮ ಕೂಸಿಗೆ' ಎಂದಿತ್ತು. ಕೂಸು ಎಂದರೆ ನಾನೇ. ಮೇಲೊಂದು ಅಡ್ಡಗೀಟು. ಎಷ್ಟು ಸಲ ರಿಫ್ರೆಶ್ ಮಾಡಿದರೂ ಅಲುಗದ ಗೀಟು. ನನ್ನ ಕೆಲಸ ಅಷ್ಟು ಅಚ್ಚುಕಟ್ಟು. ಪಕ್ಕದಲ್ಲಿ ಮನೆಯ ಹೆಸರು ಮಾತ್ರ ಇಲ್ಲ.

ಫೋನ್ ಮಾಡಿದೆ. "ಚಿಕ್ಕಮ್ಮ, ನನ್ನ ಗೆಡ್ಡೆ ಯಾರ ಮನೆಗೆ ಹೋಯ್ತು?"

"ಗೀಟು ಭಾರಿ ಲಾಯ್ಕಾಗಿದೆ ಮಾರಾಯ್ತಿ" ಎಂದರು. "ತಡಿ, ಹಾಲು ಉಕ್ತಾ ಇದೆ. ಈಗ ನಾನೇ ಫೋನ್ ಮಾಡ್ತೀನಿ."

ಮಳೆಗಾಲ ಮುಗಿಯುತ್ತಾ ಬಂತು. ಹಾಲು ಇನ್ನೂ ಉಕ್ಕುತ್ತಲೇ ಇರಬೇಕು.