ಕೊನೆಯ ಚಮಚ ಹೆಪ್ಪು

ಪರದೇಶದ ಚಳಿಯಲ್ಲಿ ಹಾಲು ಕೂಡ ಹಟ ಹಿಡಿಯುತ್ತದೆಂದು ನಮ್ಮ ಇಸ್ತ್ರಿಯಣ್ಣನಿಗೆ ಯಾರೂ ಹೇಳಿರಲಿಲ್ಲ. ಅಂಗಡಿ ಮೊಸರೋ, ಅಂಗೈಯಗಲದ ಡಬ್ಬಿಗೆ ಬಂಗಾರದ ಬೆಲೆ, ಮೇಲಿಂದ ಸಕ್ಕರೆ ಬೇರೆ. ಅನ್ನ ಕಲಸಿದರೆ ಪಾಯಸವಾಗುತ್ತಿತ್ತು. ಮನೆಯಲ್ಲೇ ಹೆಪ್ಪು ಹಾಕಿದರೆ ಮೂರು ಸಲವೂ ಹಾಲು ಹಾಲಾಗಿಯೇ ಉಳಿಯಿತು. ಇಡೀ ದಿನ ರೈಲಿನಲ್ಲಿ ಕೂತು ಅತ್ತಿಗೆಯ ಮನೆಯಿಂದ ತಂದಿದ್ದ ಹೆಪ್ಪಿನಲ್ಲಿ ಈಗ ಒಂದೇ ಚಮಚ ಬಾಕಿ.

ಅಮ್ಮನಿಗೆ ಫೋನು ಮಾಡಿದ.

"ಬೆಚ್ಚಗಿರೋ ಕಡೆ ಇಡೋ. ಅಲ್ಲಾಡಿಸ್ಬೇಡ, ಆಯ್ತಾ ಆಯ್ತಾ ಅಂತ ಮುಚ್ಚಳ ತೆಗೆದು ನೋಡ್ಬೇಡ," ಅಂದಳು ಅಮ್ಮ.

ಅವನಿಗೆ ಗೊತ್ತಿದ್ದ ಬೆಚ್ಚಗಿನ ಜಾಗ ಒಂದೇ, ತಾನು ಕೆಲಸ ಮಾಡುವ ಲಾಂಡ್ರಿಯಲ್ಲಿ ಬಟ್ಟೆ ಒಣಗಿಸುವ ಯಂತ್ರಗಳ ಹಿಂದಿನ ಕಪಾಟು. ಬೆಳಿಗ್ಗೆ ಹೋದವನೇ ಚಹಾದ ಒಲೆಯಲ್ಲಿ ಹಾಲು ಕಾಯಿಸಿ, ಉಗುರುಬೆಚ್ಚಗಾದ ಮೇಲೆ ಕೊನೆಯ ಚಮಚ ಬೆರೆಸಿ, ಪಾತ್ರೆಗೆ ಟವೆಲು ಸುತ್ತಿ ಎಳೆಕೂಸಿನಂತೆ ಮಲಗಿಸಿದ.

ಅಷ್ಟರಲ್ಲಿ ಬಟ್ಟೆ ಮಡಚುವ ಅಕ್ಕ ಬಂದಳು. ಏನಿದು, ಯಾಕೆ ಸುತ್ತಿದ್ದು ಎಂದು ವಿಚಾರಣೆ ಮಾಡುತ್ತಲೇ ಮುಚ್ಚಳಕ್ಕೆ ಕೈ ಹಾಕಿದಳು. ಇವನ ಜೀವ ಬಾಯಿಗೆ ಬಂತು.

"ಮುಟ್ಬೇಡಿ ಅಕ್ಕಾ, ನನ್ನ ಹೊಟ್ಟೆನೋವಿನ ಔಷಧಿ. ಸಂಜೆವರೆಗೂ ತೆಗೀಬಾರ್ದು."

ಸುದ್ದಿ ಬಾಯಿಂದ ಬಾಯಿಗೆ ಹರಡಿ ಹತ್ತು ಗಂಟೆಗೆ ಹೊಟ್ಟೆನೋವು ಹುಣ್ಣಾಯಿತು, ಹನ್ನೆರಡಕ್ಕೆ ಆಪರೇಷನ್ನೂ ಆಗಬೇಕಾಯಿತು. ಸೂಪರ್‌ವೈಸರ್ ಬಂದು ಇವನ ಊಟದ ಡಬ್ಬಿ ಕಿತ್ತುಕೊಂಡರು, ಬಿಸಿನೀರು ಕುಡಿಸಿದರು, ಬೇಡವೆಂದರೂ ಕೇಳದೆ ಆಸ್ಪತ್ರೆಗೆ ಅಟ್ಟಿದರು. ಮೂರು ತಾಸು ಸಾಲಿನಲ್ಲಿ ಕೂರಿಸಿ, ಹೊಟ್ಟೆಯನ್ನು ಹಿಟ್ಟು ನಾದಿದಂತೆ ನಾದಿದ ಡಾಕ್ಟರು, ಹಸಿವು ಬಿಟ್ಟರೆ ಬೇರೇನೂ ಇಲ್ಲವೆಂದರು.

ಸಂಜೆ ಓಡೋಡಿ ಬಂದರೆ ಲಾಂಡ್ರಿಗೆ ಲಾಂಡ್ರಿಯೇ ಹೊಟ್ಟೆ ಸವರಿಕೊಳ್ಳುತ್ತ ನಗುತ್ತಿತ್ತು.

"ನಿಂಗೆ ಡಾಕ್ಟ್ರೇ ಔಷಧಿ ಕೊಟ್ಟಿರ್ತಾರಲ್ಲ ಅಂತ ಇದನ್ನ ನಾವು ತಗೊಂಡ್ವಿ ಕಣಪ್ಪ," ಅಂದಳು ಅಕ್ಕ.

ಅಲ್ಲಿ ಹೊಟ್ಟೆ ಸರಿ ಇದ್ದವರು ಒಬ್ಬರೂ ಇರಲಿಲ್ಲವಂತೆ. ತಲೆಗೊಂದು ಚಮಚ ಎಂದು ಶುರುವಾದದ್ದು ತಲೆಗೊಂದು ಬಟ್ಟಲಿಗೆ ಮುಟ್ಟಿತಂತೆ. ಹತ್ತು ವರ್ಷದ ಹುಳಿತೇಗು ಹೋಯಿತೆಂದು ಸೂಪರ್‌ವೈಸರ್ ಕೈ ಮುಗಿದರು. ಚಾಕುವಿನಲ್ಲಿ ಕೊಯ್ಯುವಷ್ಟು ಗಟ್ಟಿ ಇತ್ತು ಎಂದರು.

ಅಂದರೆ ಮೊಸರಾಗಿತ್ತು! ಇವನಿಗೆ ಕುಣಿಯುವಷ್ಟು ಸಂತೋಷವಾಯಿತು. ತಿಂದರೆ ತಿನ್ನಲಿ ಪಾಪ, ತಳದಲ್ಲಿ ಒಂದು ಚೂರು ಅಂಟಿಕೊಂಡಿದ್ದರೆ ಸಾಕು, ನಾಳೆಗೆ ಹೆಪ್ಪಾಯಿತು, ಜನ್ಮಕ್ಕೆ ಮೊಸರಾಯಿತು. ಎರಡೇ ಹೆಜ್ಜೆಗೆ ಕಪಾಟು ಮುಟ್ಟಿ ಮುಚ್ಚಳ ತೆಗೆದ. ಪಾತ್ರೆಯಲ್ಲಿ ಅವನ ಮುಖವೇ ಕಂಡಿತು.

"ಹುಷಾರಿಲ್ದೋನು, ನಿಂಗ್ಯಾಕೆ ಕಷ್ಟ ಅಂತ," ಅಕ್ಕ ಪ್ರೀತಿಯಿಂದ ಬೆನ್ನು ಸವರಿದಳು, "ಸೋಪು ಹಾಕಿ, ಬಿಸಿನೀರಲ್ಲಿ ಎರಡೆರಡು ಸಲ ತೊಳ್ದಿಟ್ಟಿದೀನಿ ಕಣೋ."